ಪೆನ್‌ಡ್ರೈವ್ ಸಾಕಾ, ಹಾರ್ಡ್ ಡಿಸ್ಕ್ ಬಾಕ್ಸೇ ಬೇಕಾ?

ಅಮ್ಮನ ಸಂಜೆ ಸೀರಿಯಲ್ ರೆಕಾರ್ಡ್ ಮಾಡಲು ಪೆನ್‌ಡ್ರೈವ್ ಹಾಕುವ ಸೆಟ್‌ಟಾಪ್ ಬಾಕ್ಸ್ ಸಾಕಾ, ಒಳಗೇ ಹಾರ್ಡ್ ಡಿಸ್ಕ್ ಇರುವುದು ಬೇಕಾ ಅಂತ ಕೇಳಿದ್ದೀರಿ. ದಿನಕ್ಕೆ ಒಂದೇ ಸೀರಿಯಲ್ ಆದರೆ ಪೆನ್‌ಡ್ರೈವ್ ಬಾಕ್ಸೇ ಸಾಕು, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

ಆದರೆ ಒಂದು ವಿಷಯ. ಅಮ್ಮ ಧಾರಾವಾಹಿ ನೋಡುವಾಗಲೇ ನೀವು ಕ್ರಿಕೆಟ್ ರೆಕಾರ್ಡ್ ಮಾಡಬೇಕಾದರೆ ಬಾಕ್ಸಿನಲ್ಲಿ 2 ಟ್ಯೂನರ್ (ಚಾನೆಲ್ ಹಿಡಿಯುವ ಭಾಗ) ಇರಬೇಕು. ಅಂಗಡಿಯಲ್ಲಿ ಇದನ್ನೇ ಮೊದಲು ಕೇಳಿ. ಹಾರ್ಡ್ ಡಿಸ್ಕ್ ಎಷ್ಟು ಜಿಬಿ ಅನ್ನುವುದು ಆಮೇಲೆ.

ಕೋಲಾರದ ನಮ್ಮ ಮನೆಯಲ್ಲಿ ಮೊದಲು ಹಳೇ ಪೆನ್‌ಡ್ರೈವ್ ಚುಚ್ಚಿದ್ದೆ. ಬರೆಯುವ ವೇಗ ಸಾಲದೆ ಚಿತ್ರ ತಡವರಿಸುತ್ತಿತ್ತು, ನಾಯಕಿ ಬಾಯಿ ತೆರೆದಲ್ಲೇ ನಿಂತುಬಿಡುತ್ತಿದ್ದಳು! ಅದೇ ಬಾಕ್ಸಿಗೆ ಹೊರಗಿನಿಂದ ಚುಚ್ಚುವ ಯುಎಸ್‌ಬಿ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಸರಿಹೋಯಿತು. ಡಿಸ್ಕ್ ಅಥವಾ ಪೆನ್‌ಡ್ರೈವ್ ಎಫ್‌ಎಟಿ 32 ಫಾರ್ಮ್ಯಾಟಿನಲ್ಲಿದ್ದರೆ (ಫೈಲ್ ಜೋಡಿಸಿಡುವ ಒಂದು ಹಳೇ ವಿಧಾನ) ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಉದ್ದದ ಪಂದ್ಯ ತುಂಡಾಗಬಹುದು.

ರೆಕಾರ್ಡ್ ಆಗಿದ್ದನ್ನು ಲ್ಯಾಪ್‌ಟಾಪಿನಲ್ಲಿ ನೋಡುವ ಆಸೆ ಬೇಡ. ಪೇ ಚಾನೆಲ್‌ಗಳದ್ದು ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಅದೇ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ. ಬಾಕ್ಸ್ ಕೆಟ್ಟರೆ ಎಲ್ಲಾ ಹೋಯಿತು ಅಂತಲೇ ಲೆಕ್ಕ. ಆ ವಿಚಾರದಲ್ಲಿ ವಿಡಿಯೊ ಕ್ಯಾಸೆಟ್ ಹಾಕುವ ಹಳೇ ವಿಸಿಆರೇ ವಾಸಿ ಅಲ್ವಾ? 3 ಗಂಟೆಯ ಕ್ಯಾಸೆಟ್ಟನ್ನು ಪಕ್ಕದ ಮನೆಗೂ ಕೊಡಬಹುದಿತ್ತು.

ಕರೆಂಟ್ ಹೋದರೆ ಯಾವ ಬಾಕ್ಸೂ ರೆಕಾರ್ಡ್ ಮಾಡದು. ಮನೆಯಲ್ಲಿ ಯುಪಿಎಸ್ ಇದ್ದರೆ ಬಾಕ್ಸನ್ನು ಅದರ ಲೈನಿಗೇ ಹಾಕಿ.