ಓದುಗರ ಪ್ರಶ್ನೆ: ಶಿಬಿರದ ಕಾಡಿಗೆ ನಾಟಾ ವ್ಯಾಪಾರಿ ಬಂದರೆ?

ಮಳೆ ನಿಂತು ಲಾರಿ ಓಡಾಡುವ ಹಾಗಾದ ಕೂಡಲೇ ನನಗೆ ಒಂದೇ ಥರದ ಪತ್ರಗಳು ಬರುತ್ತವೆ. ಪಕ್ಕದ ಕಾಡು ಕಡಿಯುತ್ತಾರಂತೆ, ಏನು ಮಾಡೋದು? ಕಾಡು ಯಾಕೆ ಬೇಕು ಅಂತ ಮಲೆನಾಡಿನವರಿಗೆ ನಾನು ಪಾಠ ಹೇಳುವುದಿಲ್ಲ. ಅರಣ್ಯ ಇಲಾಖೆಯಲ್ಲಿ ಫೈಲು ಹೇಗೆ ಸಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ನಮ್ಮೂರ ಪಕ್ಕ ಯುವಜನ ಸಂಸ್ಥೆಯೊಂದರ ಶಿಬಿರದ ಜಾಗ ಇದೆ. ಅರ್ಧಕ್ಕಿಂತ ಜಾಸ್ತಿ ಕಾಡು. ಈಗ ಆಡಳಿತ ಸಮಿತಿಯವರು ಹೊಸ ಕಟ್ಟಡದ ಖರ್ಚಿಗೆ ಮರಗಳನ್ನು ನಾಟಾ ವ್ಯಾಪಾರಿಗೆ ಕೊಡಲು ಹೊರಟಿದ್ದಾರೆ. "ನಮ್ಮ ಸ್ವಂತ ಜಾಗ, ಬಲಿತ ಮರ ಮಾತ್ರ" ಅನ್ನುತ್ತಾರೆ. ಊರವರು, ಹಳೇ ಶಿಬಿರಾರ್ಥಿಗಳು ಸೇರಿ ಅಪ್ಪಿಕೋ ಥರ ಮರ ತಬ್ಬಿ ನಿಲ್ಲೋಣ ಅಂತಿದ್ದೇವೆ. ಸರಿಯೇ? (ಹೊಸನಗರ ತಾಲ್ಲೂಕಿನ ಓದುಗರು)

ತಬ್ಬಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪಹಣಿ ತೆಗೆಸಿದ್ದೀರಾ? ನಿಮ್ಮ ಪತ್ರದಲ್ಲಿ ಹಕ್ಕಿಗಳ ಬಗ್ಗೆ ಎರಡು ಪುಟ ಇದೆ, ಸರ್ವೆ ನಂಬರ್ ಇಲ್ಲ!

1983ರಲ್ಲಿ ಅಪ್ಪಿಕೋ ಚಳವಳಿ ಶುರು ಮಾಡಿದ ಶಿರಸಿ ಕಡೆಯ ಸಾಲ್ಕಣಿಯವರು ತಬ್ಬಿದ್ದು ಸರ್ಕಾರಿ ಕಾಡಿನ ಮರಗಳನ್ನು. ಕಡಿಸುತ್ತಿದ್ದದ್ದೂ ಇಲಾಖೆ, ನಿಲ್ಲಿಸಬೇಕಾದ್ದೂ ಇಲಾಖೆ. ನಿಮ್ಮಲ್ಲಿ ಜಾಗ ಸಂಸ್ಥೆಯ ಕೈಯಲ್ಲಿದೆ. ಗೇಟು ದಾಟಿದರೆ ನಿಮ್ಮ ಹುಡುಗರ ಮೇಲೇ ಅತಿಕ್ರಮ ಪ್ರವೇಶದ ಕೇಸು ಬೀಳುತ್ತದೆ. ಆಮೇಲೆ ಊರಿನ ಗಮನವೆಲ್ಲ ಜಾಮೀನಿನ ಕಡೆಗೆ. ಅಷ್ಟರಲ್ಲಿ ದಿಮ್ಮಿ ಡಿಪೋ ಸೇರಿರುತ್ತದೆ.

"ಸ್ವಂತ ಜಾಗ" ಅನ್ನುವ ಮಾತನ್ನು ಮೊದಲು ಪರೀಕ್ಷೆ ಮಾಡಿ. ಇಂಥ ಶಿಬಿರದ ಜಾಗಗಳಲ್ಲಿ ಕೆಲವು ಕ್ರಯಕ್ಕೆ ಕೊಂಡ ಹಿಡುವಳಿ, ಕೆಲವು ಸರ್ಕಾರ ಮಂಜೂರು ಮಾಡಿದ್ದು, ಇನ್ನು ಕೆಲವು ಬರೀ ಲೀಸು. ಮಂಜೂರಾತಿ ಜಾಗವಾದರೆ ಮೂಲ ಆದೇಶದ ನಕಲು ತಾಲ್ಲೂಕು ಕಚೇರಿಯಿಂದ ತೆಗೆಸಿ, ಷರತ್ತುಗಳನ್ನು ಒಂದೊಂದಾಗಿ ಓದಿ. ಯಾವ ಉದ್ದೇಶಕ್ಕೆ ಕೊಟ್ಟದ್ದು, ಮರಗಳ ಹಕ್ಕು ಯಾರದ್ದು ಎಂದು ನೋಡಿ. ಷರತ್ತು ಮುರಿದಿದ್ದರೆ ನಿಮ್ಮ ಅರ್ಜಿ ಜಿಲ್ಲಾಧಿಕಾರಿಗೆ ಹೋಗಬೇಕು. ಬಹಳ ಜನ ಇದನ್ನು ಬಿಟ್ಟು ಸೀದಾ ಮಂತ್ರಿಗಳಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡು ಬರುತ್ತಾರೆ.

ಆಮೇಲೆ ಆ ಸರ್ವೆ ನಂಬರ್ ಕಾಡು ಅಂತ ದಾಖಲಾಗಿದೆಯೋ ನೋಡಿ. ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ (ಮೀಸಲು ಅರಣ್ಯ ಮಾಡುವ ಮೊದಲ ಹೆಜ್ಜೆ), ಕಾನು, ಸೊಪ್ಪಿನ ಬೆಟ್ಟ, ಡೀಮ್ಡ್ ಅರಣ್ಯದ (ಅಧಿಸೂಚನೆ ಇಲ್ಲದಿದ್ದರೂ ಕಾಡು ಅಂತಲೇ ಲೆಕ್ಕಕ್ಕೆ ಹಿಡಿದ ಜಾಗ) ಪಟ್ಟಿ, ಎಲ್ಲವನ್ನೂ ಜಾಲಾಡಿ. ನಮ್ಮ ರಾಜ್ಯ 2022ರಲ್ಲಿ ಡೀಮ್ಡ್ ಅರಣ್ಯವನ್ನು 9.94 ಲಕ್ಷ ಹೆಕ್ಟೇರ್‌ನಿಂದ 3.30 ಲಕ್ಷಕ್ಕೆ ಇಳಿಸಿತು. ಹೊಸ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಕೈ ಚೆಲ್ಲಬೇಡಿ. ಕಾಡು ಯಾರ ಒಡೆತನದಲ್ಲಿದ್ದರೂ ಕಾಡೇ ಅಂತ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದೇ ಹೇಳಿದೆ. ಅರಣ್ಯ ಸಂರಕ್ಷಣಾ ಕಾಯ್ದೆಗೆ ಬಂದ 2023ರ ತಿದ್ದುಪಡಿ ಅದನ್ನು ಸಡಿಲ ಮಾಡಲು ಹೊರಟಾಗ, 2024ರ ಫೆಬ್ರುವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟು ಸದ್ಯಕ್ಕೆ ಹಳೆಯ ಅರ್ಥದಲ್ಲೇ ನಡೆಯಿರಿ ಅಂತಲೂ ಹೇಳಿತು.

ಶುದ್ಧ ಹಿಡುವಳಿಯೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿ ಬಿಟ್ಟರೆ ಮರ ಕಡಿಯಲು ವೃಕ್ಷಾಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿ) ಅನುಮತಿ ಬೇಕು. ನಿಮ್ಮ ಅವಕಾಶ ಇರುವುದು ಅರ್ಜಿ ಬಿದ್ದ ದಿನದಿಂದ ಅನುಮತಿ ಸಿಗುವವರೆಗೆ. ಇವತ್ತೇ ವೃಕ್ಷಾಧಿಕಾರಿಗೆ ತಕರಾರು ಅರ್ಜಿ ಕೊಡಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆ ಕಾಗದ ಫೈಲಿನಲ್ಲಿ ಕೂತರೆ ಯಾವ ಅಧಿಕಾರಿಯೂ ಸ್ಥಳ ನೋಡದೆ ಸಹಿ ಹಾಕಲು ಎರಡು ಸಲ ಯೋಚಿಸುತ್ತಾನೆ. ಜೊತೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮರಗಳ ಪಟ್ಟಿ, ಮಹಜರು ಕೇಳಿ. ಉತ್ತರಕ್ಕೆ 30 ದಿನ ಸಮಯ ಇರುವುದರಿಂದ ಅದೊಂದನ್ನೇ ಕಾಯುತ್ತಾ ಕೂರಬೇಡಿ. 50ಕ್ಕಿಂತ ಜಾಸ್ತಿ ಮರ ಇದ್ದರೆ ಸಾರ್ವಜನಿಕ ನೋಟಿಸು ಬರಬೇಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಅದು ರಸ್ತೆ, ಕಾಲುವೆಯಂಥ ಸಾರ್ವಜನಿಕ ಕೆಲಸದ ಮಾತು.

"ಬಲಿತ ಮರ ಮಾತ್ರ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೊಯ್ಯದಿದ್ದರೆ ಕೊಳೆತುಹೋಗಲು ಅದೇನು ಹಲಸಿನ ಹಣ್ಣೇ? ಪೊಟರೆ ಬಿದ್ದ ಹಳೇ ಮರದಲ್ಲೇ ಮಂಗಟ್ಟೆ ಹಕ್ಕಿ ಗೂಡು ಮಾಡುವುದು. ಇನ್ನು ವ್ಯಾಪಾರಿ ಹೆಸರೆತ್ತದ ವಿಷಯ ಲಾರಿ ದಾರಿ. ಮೂವತ್ತು ಮರ ಹೊರಗೆ ಸಾಗಿಸಲು ಜೆಸಿಬಿ ಗುಡ್ಡ ಕೊರೆಯುತ್ತದೆ, ದಿಮ್ಮಿ ಎಳೆದ ಜಾಡು ಚರಂಡಿಯಾಗುತ್ತದೆ. ನಮ್ಮ ಕಡೆಯ ಜೂನ್-ಜುಲೈ ಮಳೆಗೆ ಆ ಮಣ್ಣು ಕೆಳಗಿನ ಗದ್ದೆಗೆ, ತೋಟದ ಹಳ್ಳಕ್ಕೆ ಇಳಿಯುತ್ತದೆ. ತಕರಾರಿನಲ್ಲಿ ಇದನ್ನು ಬರೆಯಿರಿ. ಯಾರ ತೋಟ, ಯಾವ ಹಳ್ಳ, ಎಷ್ಟು ಮನೆಗೆ ಕುಡಿಯುವ ನೀರು ಅಂತ ಬಿಡಿಸಿ ಬರೆಯಿರಿ. "ಪರಿಸರಕ್ಕೆ ಹಾನಿ" ಅಂತ ಬರೆದ ಅರ್ಜಿಯನ್ನು ಯಾರೂ ಓದುವುದಿಲ್ಲ.

ಹಳೇ ಶಿಬಿರಾರ್ಥಿಗಳಲ್ಲಿ ಸಂಸ್ಥೆಯ ಸದಸ್ಯರು ಇದ್ದಾರಾ? ಇದ್ದರೆ ಎಲ್ಲರಿಗಿಂತ ಜಾಸ್ತಿ ಶಕ್ತಿ ಅವರಿಗೇ ಇದೆ. ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಯಾದರೆ, ಮೂರನೇ ಒಂದು ಭಾಗದಷ್ಟು ಸದಸ್ಯರು ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ಮಾಡಲೇಬೇಕು. ಮಾರಾಟಕ್ಕೆ ಸರ್ವಸದಸ್ಯರ ಸಭೆ ಒಪ್ಪಿದೆಯಾ, ಟೆಂಡರ್ ಕರೆದಿದ್ದಾರಾ, ನಡಾವಳಿ ಪುಸ್ತಕದಲ್ಲಿ ಏನಿದೆ, ಎಲ್ಲ ಕೇಳಿ. ಸಾರ್ವಜನಿಕ ಟ್ರಸ್ಟ್ ಆದರೆ ಹಿತಾಸಕ್ತಿ ಇರುವ ಇಬ್ಬರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು.

ಒಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಆ ಜಾಗದಲ್ಲಿ ನೆಟ್ಟ ಅಕೇಶಿಯಾ ಇದ್ದರೆ, ಕಾನೂನು ಪ್ರಕಾರ ಅದನ್ನು ಮಾರಲಿ ಬಿಡಿ. ಶಿವಮೊಗ್ಗ ಜಿಲ್ಲೆಯಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಯ ನೆಡುತೋಪು ನೋಡಿದವರು ಅದನ್ನು ಕಾಡು ಅಂತ ಕರೆಯುವುದಿಲ್ಲ. ಸಮಿತಿಗೆ ದುಡ್ಡು ಬೇಕು ಅನ್ನುವುದು ನಿಜವೂ ಇರಬಹುದು. ಅಕೇಶಿಯಾ ತೆಗೆಯಿರಿ, ಹೊನ್ನೆ, ಮತ್ತಿ, ಧೂಪ ಮುಟ್ಟಬೇಡಿ ಅಂತ ಎದುರು ಕೂತು ಮಾತಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮರಕ್ಕೆ ಮೊಳೆ ಹೊಡೆದಿಟ್ಟರೆ ಗರಗಸ ಹಾಳಾಗಿ ಕಡಿಯೋದು ನಿಲ್ಲುತ್ತಂತೆ, ಹೌದಾ? (ತೀರ್ಥಹಳ್ಳಿ)

ಕೂಲಿಗೆ ಬಂದವನ ಮುಖಕ್ಕೆ ಸರಪಳಿ ಸಿಡಿಯುತ್ತದೆ, ನೀವು ಜೈಲಿಗೆ ಹೋಗುತ್ತೀರಿ. ಹೇಳಿಕೊಟ್ಟವನ ಸಹವಾಸ ಬಿಡಿ.

ರಾತ್ರೋರಾತ್ರಿ ಚೌಡಿ ಕಲ್ಲು ನಿಲ್ಲಿಸಿ ದೇವರಕಾಡು ಅಂದರೆ? (ಸಾಗರ)

ಇಂಥ ನಾಟಕದಿಂದಲೇ ನಿಜವಾದ ದೇವರಕಾಡುಗಳ ಮಾತಿಗೂ ಬೆಲೆ ಇಲ್ಲದಂತಾಗುವುದು.

ಐವತ್ತು ಸಾವಿರ ಕೊಟ್ಟರೆ ಹಸಿರು ನ್ಯಾಯಮಂಡಳಿಯಿಂದ ತಡೆಯಾಜ್ಞೆ ಖಾತ್ರಿ ಅಂತ ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ? (ಸೊರಬ)

ತಡೆಯಾಜ್ಞೆ ಖಾತ್ರಿ ಅನ್ನುವವರು ವಕೀಲರಲ್ಲ, ದಲ್ಲಾಳಿ. ಆ ಮಂಡಳಿ ವಿಚಾರಣೆ ಮಾಡಬಹುದಾದ ಕಾಯ್ದೆಗಳ ಪಟ್ಟಿಯಲ್ಲಿ ನಮ್ಮ ವೃಕ್ಷ ಸಂರಕ್ಷಣಾ ಕಾಯ್ದೆಯೇ ಇಲ್ಲ. ಅರಣ್ಯ ಸಂರಕ್ಷಣಾ ಕಾಯ್ದೆ ಅಥವಾ ಜೀವವೈವಿಧ್ಯ ಕಾಯ್ದೆಯ ಉಲ್ಲಂಘನೆ ತೋರಿಸಿದರೆ ಮಾತ್ರ ಚೆನ್ನೈ ಪೀಠಕ್ಕೆ ಹೋಗುವ ಅರ್ಥ ಇದೆ, ಅದೂ ಆರು ತಿಂಗಳೊಳಗೆ.

ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಅಂತ ಬರೆದುಕೊಡುತ್ತಾರಂತೆ. ಒಪ್ಪಬಹುದಾ? (ಹೊಸನಗರ)

ಯಾವ ಜಾತಿ, ಯಾವ ಜಾಗ, ಬೇಲಿ ಯಾರದ್ದು, ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು, ಅದನ್ನೂ ಬರೆದುಕೊಡಲು ಹೇಳಿ. ಪೆನ್ನು ಅಲ್ಲೇ ನಿಲ್ಲುತ್ತದೆ.