ಡಯಲ್ ಸರಿಯಿಲ್ಲದ ಮೀಟರು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ.

ಎಲೆಕ್ಟ್ರಾನಿಕ್ಸ್ ರಿಪೇರಿ ಕಲಿಯಬೇಕೆಂದು ಎರಡು ವರ್ಷದಿಂದ ಆನ್‌ಲೈನ್ ಕೋರ್ಸುಗಳನ್ನು ನೋಡುತ್ತಿದ್ದ ಹುಡುಗ. ಸಂದರ್ಶನದಲ್ಲಿ ಕೆಟ್ಟ ಬೋರ್ಡೊಂದನ್ನು ಮುಂದಿಟ್ಟಾಗ ಕೈ ನಡುಗಿ ಎದ್ದು ಬಂದಿದ್ದ. ಆಮೇಲೆ ನಿದ್ದೆಯಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದ. ಮೊದಲೆರಡು ಭೇಟಿಗಳಲ್ಲಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಜೊತೆಗೆ, "ಅರ್ಥವಾಗದ ಕಡೆ ಇನ್ನೊಂದು ಕೋರ್ಸ್ ನೋಡಿ, ಧೈರ್ಯ ಬರುತ್ತೆ" ಎಂದೂ ಹೇಳಿದೆ. ಪಾಪ, ನೋಡಿದ. ಒಂದು ಸರ್ಟಿಫಿಕೇಟ್ ಹೆಚ್ಚಾಯಿತು, ಭಯ ಇದ್ದಷ್ಟೇ ಇತ್ತು.

ಮೂರನೇ ಭೇಟಿಗೆ, ವೋಲ್ಟ್ ಮುಂತಾದವನ್ನು ಅಳೆಯುವ ಮಲ್ಟಿಮೀಟರ್ ತರಲು ಹೇಳಿದೆ. ತಂದ. ಅಳೆಯಲು ತಾಗಿಸುವ ಕಡ್ಡಿಗಳ, ಅಂದರೆ ಪ್ರೋಬ್‌ಗಳ, ತುದಿಯ ಪ್ಲಾಸ್ಟಿಕ್ ಟೋಪಿಯನ್ನೂ ಅವನು ತೆಗೆದಿರಲಿಲ್ಲ. ನನ್ನ ಮೇಜಿನ ಮೇಲೆ ನಿಂತುಹೋದ ಗಡಿಯಾರವೊಂದಿತ್ತು, ಅದನ್ನು ಅವನತ್ತ ಸರಿಸಿದೆ.

"ಇದನ್ನ ನಾನು ಕಲಿತಿಲ್ಲ ಮೇಡಂ. ಕೆಡಿಸಿಬಿಟ್ರೆ?"

"ಕೆಟ್ಟೇ ಕೂತಿದೆ. ಇನ್ನೆಷ್ಟು ಕೆಡಿಸ್ತೀರಿ?"

ಸೆಲ್ ತೆಗೆದು ಪ್ರೋಬ್ ಇಟ್ಟ. ಸೊನ್ನೆ. "ಸೆಲ್ ಸತ್ತಿದೆ" ಎಂದ. ಡ್ರಾಯರಿನಿಂದ ಹೊಸದನ್ನು ಕೊಟ್ಟೆ. ಅದೂ ಸೊನ್ನೆ. ಅವನ ಕಿವಿ ಕೆಂಪಾಯಿತು. ಡಯಲ್ ಗೋಡೆಯ ಪ್ಲಗ್ಗಿನ ಎಸಿ ವೋಲ್ಟಿನ ಮೇಲಿದ್ದದ್ದು ನನಗೆ ಕಾಣುತ್ತಿತ್ತು. ಸೆಲ್ ಅಳೆಯಲು ಅದು ಡಿಸಿಯ ಮೇಲಿರಬೇಕು, ಅಷ್ಟು ನನಗೂ ಗೊತ್ತು. ಹೇಳಲಿಲ್ಲ. ನಾಲಿಗೆ ಕಚ್ಚಿಕೊಂಡು ಕೂರುವಷ್ಟು ಕಷ್ಟದ ಕೆಲಸ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ.

ನಾಲ್ಕು ನಿಮಿಷ ಕಳೆಯಿತೇನೋ. "ಹೊಸದೂ ಹೇಗೆ ಸತ್ತಿರುತ್ತೆ?" ಎಂದು ತನ್ನಷ್ಟಕ್ಕೇ ಗೊಣಗಿಕೊಂಡ. ಸೆಲ್ಲನ್ನು ಬಿಟ್ಟು ಮೀಟರಿನ ಕಡೆ ನೋಡಿದ. ಡಯಲ್ ಡಿಸಿಗೆ ತಿರುಗಿತು. ಹೊಸದು 1.58 ವೋಲ್ಟ್, ಹಳೆಯದು 1.4. ಗಡಿಯಾರಕ್ಕೆ ಅಷ್ಟು ಸಾಕು, ಹಾಗಾದರೆ ದೋಷ ಸೆಲ್ಲಿನದ್ದಲ್ಲ. ಒಳಗೆ ಬಗ್ಗಿ ನೋಡಿದರೆ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಹಕ್ಕಳೆ, ಹಿಂದೆಂದೋ ಸೋರಿದ್ದ ಸೆಲ್ಲಿನ ಉಳಿಕೆ. ಕೆರೆದು ಒರೆಸಿದ. ಸೆಕೆಂಡಿನ ಮುಳ್ಳು ಒಮ್ಮೆ ತಡವರಿಸಿ ನಡೆಯತೊಡಗಿತು.

ಅವನು ನಗಲಿಲ್ಲ. "ವಿಡಿಯೋದಲ್ಲಿ ಡಯಲ್ ಯಾವಾಗ್ಲೂ ಸರಿಯಾದ ಕಡೆಗೇ ಇರುತ್ತೆ ಮೇಡಂ" ಎಂದ.

ನಾನು ಎರಡು ಭೇಟಿಗಳಲ್ಲಿ ಹುಡುಕಿ ಸಿಗದೇ ಇದ್ದದ್ದು ಈ ಒಂದು ಮಾತಿನಲ್ಲಿತ್ತು. ಮನಶ್ಶಾಸ್ತ್ರಜ್ಞರಾದ ಕಾರ್ಡಾಸ್ ಮತ್ತು ಓಬ್ರಿಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಮೇಜಿನ ಮೇಲಿನ ಪಾತ್ರೆ ಅಲುಗದಂತೆ ಬಟ್ಟೆ ಎಳೆಯುವಂಥ ಕೈಚಳಕದ ವಿಡಿಯೋವನ್ನು ಮತ್ತೆಮತ್ತೆ ನೋಡಿದವರಿಗೆ ತಮಗೂ ಬರುತ್ತದೆಂಬ ನಂಬಿಕೆ ಬೆಳೆಯಿತು, ಕೌಶಲ ಬೆಳೆಯಲಿಲ್ಲ. ಇವನ ನಂಬಿಕೆ ಆ ಬೋರ್ಡಿನ ಮುಂದೆ ಕುಸಿದಿತ್ತು. ಅದನ್ನೇ ಅವನು "ತಲೆಯಿಲ್ಲ" ಎಂದು ಓದಿಕೊಂಡಿದ್ದ.

ಸಲಹೆ ಹೀಗಿತ್ತು. ವಾರಕ್ಕೊಂದು ಕೆಟ್ಟ ವಸ್ತು ಬಿಚ್ಚಬೇಕು. ಸದ್ಯಕ್ಕೆ ಸೆಲ್ ಹಾಕಿ ನಡೆಸುವಂಥದ್ದು ಮಾತ್ರ, ಗೋಡೆಯ ಪ್ಲಗ್ಗಿನದ್ದು ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು, ಇಲ್ಲಿ ಧೈರ್ಯ ತೋರಿಸುವುದು ಮೂರ್ಖತನ. ಮೀಟರ್ ಇಡುವ ಮೊದಲು ತನ್ನ ಊಹೆಯನ್ನು ಪುಸ್ತಕದಲ್ಲಿ ಬರೆಯಬೇಕು. ಇಪ್ಪತ್ತು ನಿಮಿಷ ಒದ್ದಾಡಿದ ಮೇಲಷ್ಟೇ ವಿಡಿಯೋ.

ನೋಡಿ ಕಲಿಯುವುದೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ತೀರಾ ಹೊಸಬರಿಗೆ ಬಿಡಿಸಿಟ್ಟ ಉದಾಹರಣೆಯೇ ಹೆಚ್ಚು ಉಪಯೋಗವೆಂದು ಶಿಕ್ಷಣ ಮನಶ್ಶಾಸ್ತ್ರಜ್ಞ ಜಾನ್ ಸ್ವೆಲ್ಲರ್ ಮತ್ತವರ ಸಂಗಡಿಗರು 1980ರ ದಶಕದಲ್ಲೇ ತೋರಿಸಿದ್ದಾರೆ. ಆದರೆ ಇವನು ತೀರಾ ಹೊಸಬನಲ್ಲ, ಆದರೂ ಬರೀ ನೋಡುತ್ತಲೇ ಉಳಿಯಲು ನಾನೇ ನೆರವಾಗಿದ್ದೆ. ಸಹೋದ್ಯೋಗಿಯೊಬ್ಬರು "ಆತಂಕ ಬಿಟ್ಟು ಗಡಿಯಾರ ರಿಪೇರಿ ಮಾಡಿಸಿದಿರಾ?" ಎಂದು ಕೇಳಿದರು. ಹೌದು. ಆತಂಕ ಎಲ್ಲ ಕಡೆಗೂ ಹರಡಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಇವನದ್ದು ಕೈಯಿಂದ ಮಾಡದೇ ಇದ್ದುದರ ಮೇಲೆ ಬೆಳೆದ ಭಯ. ಮಾತಾಡಿಸಿದಷ್ಟೂ ಅದು ದೊಡ್ಡದಾಗುತ್ತಿತ್ತು.

ಆರು ವಾರದ ನಂತರ ಪುಸ್ತಕ ತಂದು ತೋರಿಸಿದ. ಒಂಬತ್ತು ಊಹೆಗಳಲ್ಲಿ ಸರಿಯಾದದ್ದು ಎರಡು. ಉಳಿದ ಏಳರ ಪಕ್ಕದಲ್ಲೂ ನಿಜವಾದ ಕಾರಣ ಬರೆದಿದ್ದ. ಕೊನೆಯದು ಹೀಗಿತ್ತು: "ಟಾರ್ಚ್. ಊಹೆ: ಸ್ವಿಚ್. ಅಲ್ಲ. ಸೆಲ್ ತಿರುಗುಮುರುಗು ಹಾಕಿದ್ದು ನಾನೇ."