‘ನಮಗೆ ವೋಟು ಹಾಕದಿದ್ದರೆ ದೇವರ ಶಾಪ ತಟ್ಟುತ್ತೆ’ ಎಂದು ಹೆದರಿಸುವುದು ಕಾನೂನಿನಲ್ಲಿ ತಪ್ಪೇ?

ಖಂಡಿತ ತಪ್ಪು. ವಿಧಾನಸಭೆ, ಲೋಕಸಭೆ ಚುನಾವಣೆಗಳಿಗೆ ಅನ್ವಯಿಸುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(2)ನೇ ಕಲಂ ಇದನ್ನು ‘ಅನುಚಿತ ಪ್ರಭಾವ’ ಎನ್ನುತ್ತದೆ. ದೈವಕೋಪದ ಹೆದರಿಕೆ, ಜಾತಿಯಿಂದ ಹೊರಹಾಕುತ್ತೇವೆಂಬ ಬೆದರಿಕೆ ಎರಡೂ ಅದರಲ್ಲೇ ಹೆಸರಿಸಿ ಹೇಳಿವೆ. ನಾಮಪತ್ರ ವಾಪಸ್ ತೆಗೆದುಕೋ ಎಂದು ಅಭ್ಯರ್ಥಿಯನ್ನು ಬೆದರಿಸಿದರೂ ಇದೇ ಕಲಂ. ಅದಕ್ಕೆ ದುಡ್ಡು ಕೊಟ್ಟರೆ ಲಂಚ, ಅದು 123(1). ‘ಗೆದ್ದರೆ ರಸ್ತೆ ಮಾಡಿಸುತ್ತೇವೆ’ ಎಂಬ ಭರವಸೆ ಮಾತ್ರ ಅನುಚಿತ ಪ್ರಭಾವವಲ್ಲ. ಅಭ್ಯರ್ಥಿ ತನ್ನ ಮೇಲಿನ ಗಂಭೀರ ಕ್ರಿಮಿನಲ್ ಪ್ರಕರಣಗಳನ್ನು ಮುಚ್ಚಿಟ್ಟರೆ ಅದೂ ಅನುಚಿತ ಪ್ರಭಾವವೇ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮತದಾರರ ಪರವಾದ ಬಹಳ ಒಳ್ಳೆಯ ತೀರ್ಪು ಅದು.

ಹೀಗೆ ಹೆದರಿಸಿದವರ ಮೇಲೆ ಕ್ರಮಕ್ಕೆ ದಾರಿ ಎರಡು. ಭಾರತೀಯ ನ್ಯಾಯ ಸಂಹಿತೆಯ 171 ಮತ್ತು 174ನೇ ಕಲಂಗಳಡಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಆದರೆ ಇದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ದೂರು ಅಲ್ಲಿಗೇ ನಿಂತುಬಿಡುವುದು ಹೆಚ್ಚಾಗಿ ಈ ಕಾರಣಕ್ಕೆ.

ಗೆಲುವನ್ನೇ ರದ್ದು ಮಾಡಿಸಬೇಕೆಂದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಆ ಕ್ಷೇತ್ರದ ಮತದಾರರೂ ಹಾಕಬಹುದು. ಜೊತೆಗೆ ಆರೋಪಗಳ ಬೆಂಬಲಕ್ಕೆ ನಮೂನೆ 25ರ ಪ್ರಮಾಣಪತ್ರ (ಅಫಿಡವಿಟ್) ಬೇಕು. ‘ಊರೂರಲ್ಲಿ ಮತದಾರರಿಂದ ದೇವರ ಮೇಲೆ ಆಣೆ ಮಾಡಿಸಿದರು’ ಎಂದಷ್ಟೇ ಬರೆದರೆ ಅರ್ಜಿ ನಿಲ್ಲುವುದಿಲ್ಲ. ಯಾವ ದಿನ, ಯಾವ ಗುಡಿಯ ಮುಂದೆ, ಯಾರು, ಯಾರ ಕೈಯಲ್ಲಿ ಆಣೆ ಹಾಕಿಸಿದರು ಎಂಬುದೆಲ್ಲ ಬೇಕು. ಮಾಡಿದವರು ಬೆಂಬಲಿಗರಾದರೆ, ಅದಕ್ಕೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಒಪ್ಪಿಗೆ ಇತ್ತೆಂದು ಸಾಬೀತು ಮಾಡಬೇಕು. ಕೇಸುಗಳು ಬೀಳುವುದು ಹೆಚ್ಚಾಗಿ ಇಲ್ಲೇ. ಸಾಬೀತಾದರೆ ಆಯ್ಕೆ ಅಸಿಂಧು, ಜೊತೆಗೆ 6 ವರ್ಷದವರೆಗೆ ಅನರ್ಹತೆ.